ಕೋಟೆಯೊಳಗಿನ ಚರ್ಚು: ಮದ್ರಾಸಿನ ಸೇಂಟ್ ಮೇರಿಸ್ ಕಟ್ಟಡದ ಇತಿಹಾಸ – ಒಂದು ಮರುಪರಿಶೀಲನೆ

ದಕ್ಷಿಣ ಭಾರತದ ವಸಾಹತುಕಾಲೀನ ವಾಸ್ತುಶಿಲ್ಪವನ್ನು ಕುರಿತ ಬರವಣಿಗೆಗಳಲ್ಲಿ ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿರುವ ಸೇಂಟ್ ಮೇರಿಸ್ ಚರ್ಚಿಗೆ ವಿಶಿಷ್ಟ ಸ್ಥಾನವಿದೆ. 1680ರಲ್ಲಿ ಪ್ರತಿಷ್ಠಾಪನೆಗೊಂಡ ಈ ಕಟ್ಟಡವು ಭಾರತದಲ್ಲಿ ಉಳಿದುಬಂದಿರುವ ಆಂಗ್ಲಿಕನ್ ಚರ್ಚುಗಳಲ್ಲಿ ಅತ್ಯಂತ ಹಳೆಯದು. ಆದರೆ ಇದನ್ನು ಕುರಿತ ಬಹುಪಾಲು ವಿವರಣೆಗಳು ಒಂದೇ ಜಾಡಿನಲ್ಲಿ ಸಾಗುತ್ತವೆ. ಎಲಿಹು ಯೇಲನ ಮದುವೆ ಇಲ್ಲಿ ನಡೆಯಿತು, ಜಾಬ್ ಚಾರ್ನಾಕನ ಹೆಣ್ಣುಮಕ್ಕಳಿಗೆ ಇಲ್ಲಿ ದೀಕ್ಷಾಸ್ನಾನವಾಯಿತು, ರಾಬರ್ಟ್ ಕ್ಲೈವನು ಇಲ್ಲಿಯೇ ವಿವಾಹವಾದನು ಎಂಬ ಸಂಗತಿಗಳನ್ನು ಸಾಲಾಗಿ ಜೋಡಿಸಿ, ಕೊನೆಗೆ ಕಟ್ಟಡದ ಬಗೆಗೆ ನಾಲ್ಕು ವಾಕ್ಯಗಳನ್ನು ಸೇರಿಸಲಾಗುತ್ತದೆ. ಇಂತಹ ವಿವರಣೆಯಲ್ಲಿ ಕಟ್ಟಡವು ಖ್ಯಾತನಾಮರ ಬದುಕಿಗೆ ಹಿನ್ನೆಲೆಯ ಪರದೆಯಾಗಿ ಮಾತ್ರ ಉಳಿಯುತ್ತದೆ.

ಈ ಜಾಡಿಗೆ ಆಕರಗಳೂ ಒಂದು ಕಾರಣವಾಗಿವೆ. 20ನೆಯ ಶತಮಾನದ ಆರಂಭದಲ್ಲಿ ಮೂವರು ಬರೆಹಗಾರರು ಈ ಚರ್ಚಿನ ಬಗೆಗೆ ಮೌಲಿಕ ಸಾಮಗ್ರಿಯನ್ನು ಸಂಗ್ರಹಿಸಿದರು. ಪಾದ್ರಿ ಫ್ರ್ಯಾಂಕ್ ಪೆನ್ನಿಯವರ ಮದ್ರಾಸಿನ ಚರ್ಚಿನ ಇತಿಹಾಸ, 1905ರಲ್ಲಿ ಪ್ರಕಟವಾದ ಜೆ. ಜೆ. ಕಾಟನ್ನರ ಸಮಾಧಿಶಾಸನಗಳ ಪಟ್ಟಿ ಹಾಗೂ 1913ರಲ್ಲಿ ಹೊರಬಂದ ಎಚ್. ಡಿ. ಲವ್ ಅವರ ಹಳೆಯ ಮದ್ರಾಸಿನ ಕುರಿತ ಸಂಪುಟಗಳು ಇಂದಿಗೂ ಅನಿವಾರ್ಯ ಆಕರಗಳು. ಪೆನ್ನಿಯವರಿಗೆ ಪಾದ್ರಿಗಳ ಪರಂಪರೆ ಮುಖ್ಯ. ಕಾಟನ್ನರಿಗೆ ಕಲ್ಲಿನ ಮೇಲಿನ ಹೆಸರು ಮುಖ್ಯ. ಲವ್ ಅವರಿಗೆ ಕಂಪನಿಯ ಕಡತ ಮುಖ್ಯ. ಮೂವರ ಶ್ರಮವೂ ಗೌರವಾರ್ಹವೇ. ಆದರೆ ಇವರನ್ನು ಅನುಸರಿಸಿದ ಜನಪ್ರಿಯ ಬರವಣಿಗೆಯು ಅವರ ಕೃತಿಗಳಿಂದ ಹೆಸರುಗಳನ್ನು ಆಯ್ದುಕೊಂಡಿತೇ ಹೊರತು, ಅಲ್ಲಿಯೇ ಹುದುಗಿದ್ದ ಕಟ್ಟಡದ ಚರಿತ್ರೆಯನ್ನು ಬೇರ್ಪಡಿಸಿ ನೋಡಲಿಲ್ಲ. ಗೋಡೆ, ಚಾವಣಿ ಮತ್ತು ಅಂಗಳದ ಕಲ್ಲುಗಳನ್ನೇ ಮೊದಲ ಆಕರವಾಗಿ ಪರಿಗಣಿಸಿದರೆ ಈ ಚರ್ಚಿನ ಇತಿಹಾಸ ಬೇರೊಂದು ಬಗೆಯಲ್ಲಿ ತೋರುತ್ತದೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನೆಲೆ ಮತ್ತು ನಿರ್ಮಾಣ

ಚರ್ಚು ನಿಂತಿರುವ ನೆಲದ ಹಿನ್ನೆಲೆ ಕರ್ನಾಟಕದ ಇತಿಹಾಸಕಾರರಿಗೆ ಅಪರಿಚಿತವಲ್ಲ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಈ ಕರಾವಳಿಯಲ್ಲಿ ನೆಲೆಯನ್ನು ಪಡೆದದ್ದು ವಿಜಯನಗರದ ಅರವೀಡು ಅರಸರ ಅಧೀನದಲ್ಲಿದ್ದ ದಾಮರ್ಲ ವೆಂಕಟಪ್ಪ ನಾಯಕನಿಂದ. ತಾಳೀಕೋಟೆಯ ಯುದ್ಧವಾಗಿ ಮುಕ್ಕಾಲು ಶತಮಾನ ಸಂದಿದ್ದ ಆ ಕಾಲದಲ್ಲಿ, ಕುಗ್ಗುತ್ತಿದ್ದ ಸಾಮ್ರಾಜ್ಯದ ಅಂಚಿನಲ್ಲಿ ವ್ಯಾಪಾರಿಗಳು ಮೊದಲು ಕಟ್ಟಿದ್ದು ಕೋಟೆಯನ್ನು. ಕೋಟೆಯೊಳಗೆ ಮೊದಲು ತಲೆಯೆತ್ತಿದ ಚರ್ಚು ಕೂಡ ಆಂಗ್ಲಿಕನ್ನರದಲ್ಲ. 1642ರಲ್ಲಿ ಬಂದು ನೆಲೆನಿಂತ ಫ್ರೆಂಚ್ ಕಪುಚಿನ್ ಪಾದ್ರಿ ಎಫ್ರೇಮ್ ದ ನೆವರ್ಸನ ನೇತೃತ್ವದಲ್ಲಿ ಕ್ಯಾಥೊಲಿಕರಿಗೆ ಅಲ್ಲಿ ಚರ್ಚು ದೊರೆತಿತ್ತು. ಇಂಗ್ಲಿಷರ ಪ್ರಾರ್ಥನೆಯಾದರೋ ಹಲವು ದಶಕಗಳ ಕಾಲ ಕಂಪನಿಯ ವಸತಿಕಟ್ಟಡದ ಕೋಣೆಯಲ್ಲಿಯೇ ನಡೆಯುತ್ತಿತ್ತು. ಆಳುವವರ ಧರ್ಮಕ್ಕೆ ಸ್ವಂತ ಕಟ್ಟಡವಿಲ್ಲದ ಈ ಸ್ಥಿತಿಯು ಕಂಪನಿಯ ಆದ್ಯತೆಗಳನ್ನು ಸೂಚಿಸುತ್ತದೆ.

1678ರಲ್ಲಿ ಗವರ್ನರನಾಗಿ ಬಂದ ಸ್ಟ್ರೇನ್‌ಶಾಮ್ ಮಾಸ್ಟರನು ಈ ಕೊರತೆಯನ್ನು ತುಂಬಲು ಮುಂದಾದನು. ನಿರ್ಮಾಣದ ವೆಚ್ಚವನ್ನು ಕಂಪನಿಯ ಖಜಾನೆ ಭರಿಸಲಿಲ್ಲ. ಕೋಟೆಯಲ್ಲಿದ್ದ ಅಧಿಕಾರಿಗಳು ಹಾಗೂ ವರ್ತಕರು ವಂತಿಗೆಯ ರೂಪದಲ್ಲಿ ವರಹಗಳನ್ನು ಕೂಡಿಸಿದರು. ಕೆಲಸ ಆರಂಭವಾದದ್ದು ಅದೇ ವರ್ಷದ ಮಾರ್ಚ್ 25ರಂದು. ಅದು ಮೇರಿಗೆ ದೇವದೂತನ ವಾರ್ತೆ ತಲುಪಿದ ದಿನವೆಂದು ಕ್ರೈಸ್ತ ಪಂಚಾಂಗದಲ್ಲಿ ಪ್ರಸಿದ್ಧವಾಗಿದ್ದು, ಚರ್ಚಿಗೆ ಮೇರಿಯ ಹೆಸರು ಬರಲು ಇದೇ ಕಾರಣವೆಂದು ತಿಳಿಯಲಾಗಿದೆ. 1680ರ ಅಕ್ಟೋಬರ್ 28ರಂದು, ಲಂಡನ್ ಬಿಷಪನ ಅಧಿಕಾರಪತ್ರದ ಮೇರೆಗೆ ಚಾಪ್ಲೇನ್ ರಿಚರ್ಡ್ ಪೋರ್ಟ್‌ಮನ್ನನು ಪ್ರತಿಷ್ಠಾಪನೆಯನ್ನು ನೆರವೇರಿಸಿದನು. ಆಗ ಇಡೀ ಭಾರತದಲ್ಲಿ ಆಂಗ್ಲಿಕನ್ ಬಿಷಪರಿರಲಿಲ್ಲ. ಕಲ್ಕತ್ತೆಯ ಧರ್ಮಪ್ರಾಂತವು 1814ರಲ್ಲಿ, ಮದ್ರಾಸಿನದು 1835ರಲ್ಲಿ ಅಸ್ತಿತ್ವಕ್ಕೆ ಬಂದವು.

ಇದರಿಂದ ಒಂದು ಪ್ರಶ್ನೆ ಏಳುತ್ತದೆ. ಇಂಗ್ಲೆಂಡಿನಲ್ಲಿ ಪ್ಯಾರಿಷ್ ಎಂದರೆ ಕಾನೂನು ಗುರುತಿಸಿದ, ಗಡಿಯುಳ್ಳ, ಭೂಮಿಯ ಆದಾಯದ ಮೇಲೆ ನಿಂತ ಘಟಕ. ಮದ್ರಾಸಿನಲ್ಲಿ ಅಂತಹ ಗಡಿಯಾಗಲಿ ಆದಾಯವಾಗಲಿ ಇರಲಿಲ್ಲ. ಇದ್ದದ್ದು ಕೋಟೆಯ ಗೋಡೆಯೇ ಗಡಿ, ವ್ಯಾಪಾರದ ಲಾಭದಿಂದ ಬಂದ ವಂತಿಗೆಯೇ ಆದಾಯ. ಆದರೂ ಚರ್ಚಿನ ಮೇಲ್ವಿಚಾರಕರು, ಅವರ ಆಡಳಿತ ಸಭೆ, ಬಡವರ ನಿಧಿ, 1680ರಿಂದ ಆರಂಭವಾಗುವ ವಿವಾಹ ಮೊದಲಾದವುಗಳ ದಾಖಲೆ ಪುಸ್ತಕಗಳು, 1715ರಲ್ಲಿ ಚಾಪ್ಲೇನ್ ವಿಲಿಯಂ ಸ್ಟೀವನ್‌ಸನ್ನನು ತೆರೆದ ಧರ್ಮಶಾಲೆ ಇವೆಲ್ಲವೂ ಪ್ಯಾರಿಷಿನ ರೂಢಿಯನ್ನೇ ಅನುಸರಿಸಿದವು. ಅಂದರೆ ಪ್ಯಾರಿಷಿನ ಆಚರಣೆಗಳೆಲ್ಲ ಇಲ್ಲಿ ಬೇರೂರಿದವು, ಅದರ ನೆಲಗಟ್ಟು ಮಾತ್ರ ಬರಲಿಲ್ಲ. ಸೇಂಟ್ ಮೇರಿಸ್ ಚರ್ಚನ್ನು ಇಂಗ್ಲಿಷ್ ಹಳ್ಳಿಯ ಚರ್ಚೊಂದು ಸಾಗರ ದಾಟಿ ಬಂದ ರೂಪವೆಂದು ವರ್ಣಿಸುವಾಗ ಈ ಭೇದವು ಮರೆಯಾಗುತ್ತದೆ.

ಗೋಡೆ ಮತ್ತು ಚಾವಣಿ

ಕಟ್ಟಡದ ರಚನೆಯನ್ನು ಗಮನಿಸಿದಾಗ ಮೇಲಿನ ವರ್ಣನೆಯ ದೌರ್ಬಲ್ಯ ಇನ್ನೂ ಸ್ಪಷ್ಟವಾಗುತ್ತದೆ. ಹೊರಗೋಡೆಗಳ ದಪ್ಪ ಸುಮಾರು 4 ಅಡಿ. ನಡುವಿನ ಅಂಕಣಕ್ಕೂ ಎರಡು ಪಕ್ಕದ ಅಂಕಣಗಳಿಗೂ ಪ್ರತ್ಯೇಕವಾಗಿ ಕಮಾನು ಚಾವಣಿಯಿದ್ದು, ಅದರ ದಪ್ಪ ಸುಮಾರು 2 ಅಡಿ. ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಈ ಚಾವಣಿಯಲ್ಲಿ ಮರದ ತೊಲೆಗಳಿಲ್ಲ. ಅದೇ ಕಾಲದ ಇಂಗ್ಲೆಂಡಿನ ಸಾಧಾರಣ ಚರ್ಚುಗಳಲ್ಲಿ ಮರದ ಚೌಕಟ್ಟಿನ ಇಳಿಜಾರು ಮಾಡು ಸಾಮಾನ್ಯವಾಗಿದ್ದುದನ್ನು ನೆನೆದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಫಿರಂಗಿಯ ಗುಂಡು ಮೇಲೆ ಬಿದ್ದರೂ ಒಡೆಯಬಾರದು, ಬೆಂಕಿ ಹತ್ತಬಾರದು ಎಂಬುದೇ ಇದರ ಹಿಂದಿನ ಲೆಕ್ಕಾಚಾರ. ಕಟ್ಟಡದ ವಿನ್ಯಾಸವನ್ನು ಕೋಟೆಯ ಫಿರಂಗಿಗಳ ಹೊಣೆ ಹೊತ್ತಿದ್ದ ಅಧಿಕಾರಿಯೇ ರೂಪಿಸಿರಬೇಕೆಂಬ ಅಭಿಪ್ರಾಯವು ವಿದ್ವಾಂಸರಲ್ಲಿ ಪ್ರಚಲಿತವಾಗಿರುವುದು ಸಹಜವೇ ಆಗಿದೆ. ಮದ್ದಿನ ಮನೆಗೂ ದೇವರ ಮನೆಗೂ ಇಲ್ಲಿ ಒಂದೇ ರಚನಾತತ್ತ್ವ ಅನ್ವಯವಾಗಿದೆ.

ಇಂಗ್ಲಿಷ್ ಚರ್ಚಿನ ಚಹರೆಯನ್ನು ಕೊಡುವ ಗಂಟೆಗೋಪುರವು ಮೂಲ ಕಟ್ಟಡದ ಭಾಗವಲ್ಲ ಎಂಬುದೂ ಇಲ್ಲಿ ಗಮನಾರ್ಹ. ಅದು 18ನೆಯ ಶತಮಾನದ ಮೊದಲ ದಶಕದಲ್ಲಿ ಸೇರ್ಪಡೆಯಾಯಿತು. ಇಂದು ಕಾಣುವ ಚೂಪಾದ ಶಿಖರವು 1790ರ ದಶಕದ ಪುನರ್ನಿರ್ಮಾಣ. ಆದ್ದರಿಂದ ಛಾಯಾಚಿತ್ರಗಳಲ್ಲಿ ಈ ಚರ್ಚನ್ನು ‘ಇಂಗ್ಲಿಷ್’ ಎಂದು ಗುರುತಿಸಲು ನೆರವಾಗುವ ಅಂಗವೇ ಕಾಲದೃಷ್ಟಿಯಿಂದ ಈಚಿನದು. ರಕ್ಷಣೆಗೆಂದು ರೂಪುಗೊಂಡ ಒಡಲೇ ಹಳೆಯದು.

ಕಟ್ಟಿದವರ ಪ್ರಶ್ನೆಯನ್ನೂ ಇಲ್ಲಿಯೇ ಎತ್ತಬೇಕು. ವಂತಿಗೆ ಕೊಟ್ಟವರ ಹೆಸರುಗಳು ದಾಖಲೆಗಳಲ್ಲಿವೆ. ಆದರೆ ಇಟ್ಟಿಗೆ ಸುಟ್ಟವರು, ಕಮಾನು ಕೂಡಿಸಿದವರು, ಗಾರೆಯನ್ನು ಅರೆದು ಹಾಲುಗಲ್ಲಿನಂತೆ ನಯಗೊಳಿಸಿದವರು ಜನಪ್ರಿಯ ಚರಿತ್ರೆಗಳಲ್ಲಿ ಸ್ಥಾನ ಪಡೆದಿಲ್ಲ. ಚಿಪ್ಪಿನ ಸುಣ್ಣದಿಂದ ಹೊಳಪಿನ ಗಾರೆ ಮಾಡುವ ವಿದ್ಯೆ ಕೋರಮಂಡಲ ತೀರದ ಕಸುಬುದಾರರ ಪರಂಪರೆಗೆ ಸೇರಿದ್ದು. ದೀಕ್ಷಾಸ್ನಾನದ ಪಾತ್ರೆಯು ಸಮೀಪದ ಪಲ್ಲಾವರಂ ಪ್ರದೇಶದ ಕಪ್ಪು ಶಿಲೆಯದು. 1689ರಲ್ಲಿ ಈ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದ ಮಕ್ಕಳ ತಂದೆಯಾದ ಜಾಬ್ ಚಾರ್ನಾಕನು ಕಲ್ಕತ್ತೆಯಲ್ಲಿ ತೀರಿಕೊಂಡಾಗ, ಅವನ ಸಮಾಧಿಗೆ ಬಳಕೆಯಾದದ್ದೂ ಮದ್ರಾಸ್ ಕಡೆಯ ಕಲ್ಲೇ. ಭೂವಿಜ್ಞಾನಿ ಥಾಮಸ್ ಹಾಲಂಡ್ ಆ ಸಮಾಧಿಯನ್ನು ಆಧರಿಸಿಯೇ ಈ ಜಾತಿಯ ಶಿಲೆಗೆ ‘ಚಾರ್ನೊಕೈಟ್’ ಎಂದು ಹೆಸರಿಟ್ಟರು. ಬಿಳಿಗಿರಿರಂಗನ ಬೆಟ್ಟಗಳ ಸೀಮೆಯಲ್ಲಿಯೂ ಹೇರಳವಾಗಿರುವ ಈ ಶಿಲೆ ವಿಶ್ವದ ಭೂವಿಜ್ಞಾನ ಗ್ರಂಥಗಳಲ್ಲಿ ಕಂಪನಿಯ ನೌಕರನೊಬ್ಬನ ಹೆಸರನ್ನು ಹೊತ್ತಿದೆ. ಅದನ್ನು ಕಡಿದು ನಯಗೊಳಿಸಿದವನ ಹೆಸರು ಎಲ್ಲಿಯೂ ಇಲ್ಲ.

ಯುದ್ಧಗಳು ಮತ್ತು ಸ್ಥಾನಾಂತರಗೊಂಡ ಕಲ್ಲುಗಳು

ರಕ್ಷಣೆಯ ಲೆಕ್ಕಾಚಾರ ನಿರರ್ಥಕವಾಗಲಿಲ್ಲ. 1746ರಲ್ಲಿ ಲಾ ಬೂರ್ಡೊನೆಯ ನೇತೃತ್ವದ ಫ್ರೆಂಚರು ಮದ್ರಾಸನ್ನು ವಶಪಡಿಸಿಕೊಂಡರು; 1749ರವರೆಗೆ ಕೋಟೆ ಅವರ ಕೈಯಲ್ಲಿತ್ತು. ಆ ಅವಧಿಯಲ್ಲಿ ಚರ್ಚು ಉಗ್ರಾಣವಾಗಿ ಬಳಕೆಯಾಯಿತು. ಕೋಟೆಯನ್ನು ಮರಳಿ ಪಡೆದ ಇಂಗ್ಲಿಷರು, ಕಪುಚಿನ್ ಪಾದ್ರಿಗಳು ಫ್ರೆಂಚರಿಗೆ ನೆರವಾದರೆಂಬ ಶಂಕೆಯಿಂದ ಕೋಟೆಯೊಳಗಿನ ಕ್ಯಾಥೊಲಿಕ್ ಚರ್ಚನ್ನು ಕೆಡವಿಸಿದರು. ಎರಡು ಚರ್ಚುಗಳ ಪೈಕಿ ಒಂದು ಉಳಿದು ಇನ್ನೊಂದು ಅಳಿದದ್ದಕ್ಕೆ ಕಟ್ಟಡದ ಗಟ್ಟಿತನವಷ್ಟೇ ಕಾರಣವಲ್ಲ, ಆಳುವವರ ಪಕ್ಷವೂ ಕಾರಣ ಎಂಬುದನ್ನು ಮರೆಯುವಂತಿಲ್ಲ. ‘ಅತ್ಯಂತ ಹಳೆಯದು’ ಎಂಬ ಹೆಗ್ಗಳಿಕೆಯನ್ನು ಓದುವಾಗ ಈ ನೆಲಸಮದ ಘಟನೆಯನ್ನೂ ಜೊತೆಗಿಟ್ಟು ಓದಬೇಕಾಗುತ್ತದೆ.

1758ರ ಡಿಸೆಂಬರಿನಿಂದ 1759ರ ಫೆಬ್ರವರಿವರೆಗೆ ಲಾಲಿಯ ಸೇನೆ ಕೋಟೆಗೆ ಮುತ್ತಿಗೆ ಹಾಕಿತು. ಆಗ ಇಂಗ್ಲಿಷರ ಹಳೆಯ ಸಮಾಧಿಭೂಮಿಯು ಕೋಟೆಯ ಹೊರಗೆ, ಇಂದಿನ ಉಚ್ಚ ನ್ಯಾಯಾಲಯ ಹಾಗೂ ಕಾನೂನು ಕಾಲೇಜಿನ ಆವರಣವಿರುವ ಭಾಗದಲ್ಲಿತ್ತು. ಅಲ್ಲಿ ಎತ್ತರವಾಗಿ ಕಟ್ಟಿದ್ದ ಗೋರಿಗಳು ಮುತ್ತಿಗೆ ಹಾಕಿದವರಿಗೆ ಮರೆಯಾಗಿ ಒದಗಿದವು. ಈ ಅನುಭವದಿಂದ ಪಾಠ ಕಲಿತ ಕಂಪನಿಯವರು ಮುತ್ತಿಗೆಯ ನಂತರ ಗೋರಿಗಳನ್ನು ನೆಲಸಮಗೊಳಿಸಿ, ಶಾಸನವುಳ್ಳ ಕಲ್ಲುಗಳನ್ನು ಚರ್ಚಿನ ಅಂಗಳಕ್ಕೆ ಸಾಗಿಸಿದರು. ಕಲ್ಲುಗಳ ಪಯಣ ಅಲ್ಲಿಗೂ ಮುಗಿಯಲಿಲ್ಲ. 1769ರಲ್ಲಿ ಮದ್ರಾಸಿನ ಹೆಬ್ಬಾಗಿಲವರೆಗೆ ಬಂದು ಒಪ್ಪಂದಕ್ಕೆ ಮಣಿಸಿದ್ದ ಹೈದರಾಲಿಯು 1780ರಲ್ಲಿ ಮತ್ತೆ ಕರ್ನಾಟಿಕ್ ಸೀಮೆಯನ್ನು ಪ್ರವೇಶಿಸಿದನು. ಪೊಲ್ಲಿಲೂರಿನ ಸೋಲಿನಿಂದ ತತ್ತರಿಸಿದ್ದ ಮದ್ರಾಸಿನಲ್ಲಿ ಕೋಟೆಯನ್ನು ಭದ್ರಪಡಿಸುವ ಕೆಲಸ ಭರದಿಂದ ನಡೆಯಿತು. 1782ರ ಸುಮಾರಿಗೆ ಅಂಗಳದ ಸಮಾಧಿಶಿಲೆಗಳನ್ನು ಎಬ್ಬಿಸಿ, ಕೋಟೆಯ ಮೇಲೆ ಫಿರಂಗಿಗಳನ್ನು ನಿಲ್ಲಿಸಲು ಹಾಸುಗಲ್ಲುಗಳಾಗಿ ಬಳಸಲಾಯಿತು. ಮೈಸೂರಿನ ಯುದ್ಧಗಳೆಲ್ಲ ಮುಗಿದ ಬಳಿಕ, 19ನೆಯ ಶತಮಾನದ ಮೊದಲ ದಶಕದಲ್ಲಿ ಅವು ಚರ್ಚಿನ ಸುತ್ತ ಮತ್ತೆ ಹಾಸಲ್ಪಟ್ಟವು. ಶ್ರೀರಂಗಪಟ್ಟಣದ ಸೇನೆಯ ಭಯವು ಮದ್ರಾಸಿನ ಚರ್ಚಿನ ಅಂಗಳದಲ್ಲಿ ಉಳಿಸಿದ ಗುರುತು ಇದು.

ಶಾಸನಶಾಸ್ತ್ರದ ದೃಷ್ಟಿಯಿಂದ ಈ ಸಂಗತಿಯ ಮಹತ್ವ ಹಿರಿದು. ಕರ್ನಾಟಕದಲ್ಲಿ ಕೆರೆಯ ತೂಬಿಗೆ ಸೇರಿದ ವೀರಗಲ್ಲನ್ನೋ, ಗುಡಿಯ ಮೆಟ್ಟಿಲಾದ ದಾನಶಾಸನವನ್ನೋ ಓದುವ ವಿದ್ವಾಂಸರು ಅದು ಮೂಲಸ್ಥಾನದಲ್ಲಿಲ್ಲ ಎಂಬ ಎಚ್ಚರದಿಂದಲೇ ಅರ್ಥೈಸುತ್ತಾರೆ. ಸೇಂಟ್ ಮೇರಿಸ್ ಅಂಗಳದ ಕಲ್ಲುಗಳಿಗೂ ಇದೇ ಎಚ್ಚರ ಬೇಕು. ಅಲ್ಲಿರುವ 1652ರ ಎಲಿಜಬೆತ್ ಬೇಕರಳ ಕಲ್ಲನ್ನು ಭಾರತದಲ್ಲಿನ ಅತ್ಯಂತ ಹಳೆಯ ಬ್ರಿಟಿಷ್ ಸಮಾಧಿಶಾಸನವೆಂದು ಗುರುತಿಸಲಾಗಿದೆ. ಕಲ್ಲಿನ ಕಾಲ ಚರ್ಚಿಗಿಂತ 28 ವರ್ಷ ಹಿಂದಿನದು. ಅದರ ಕೆಳಗೆ ಆಕೆಯ ಸಮಾಧಿಯಿಲ್ಲ. ಇಂಗ್ಲಿಷ್, ಲ್ಯಾಟಿನ್ ಕಲ್ಲುಗಳ ನಡುವೆ ಪೋರ್ಚುಗೀಸ್ ಮತ್ತು ಅರ್ಮೇನಿಯನ್ ಬರಹದ ಕಲ್ಲುಗಳೂ ಇವೆ. ಇವನ್ನು ಕಂಡು, ಹಲವು ಪಂಥಗಳ ಜನರು ಒಂದೇ ಪ್ಯಾರಿಷಿನಲ್ಲಿ ಸಾಮರಸ್ಯದಿಂದಿದ್ದರೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ಈ ಸಹವಾಸವನ್ನು ಏರ್ಪಡಿಸಿದ್ದು ಯುದ್ಧಕಾಲದ ಸಾಗಣೆ, ಸಮುದಾಯಗಳ ಇಚ್ಛೆಯಲ್ಲ.

ಒಳಗಿನ ಸ್ಮಾರಕಗಳು

ಅಂಗಳದ ಕಲ್ಲುಗಳು ಹೊರಗಿನಿಂದ ಬಂದಂತೆಯೇ ಒಳಗಿನ ಸಂಪತ್ತಿನ ಒಂದು ಭಾಗವೂ ಯುದ್ಧದ ಫಲವೇ. ವೇದಿಕೆಯ ಮೇಲಿನ ಕೊನೆಯ ಭೋಜನದ ವರ್ಣಚಿತ್ರವು 1761ರಲ್ಲಿ ಪಾಂಡಿಚೇರಿಯ ಪತನದ ನಂತರ ಅಲ್ಲಿಂದ ತಂದದ್ದೆಂದು ಪ್ರತೀತಿಯಿದೆ. ಗೋಡೆಗಳ ಮೇಲಿನ ಅಮೃತಶಿಲೆಯ ಸ್ಮಾರಕಗಳಲ್ಲಿ ಕೆಲವು ಕರ್ನಾಟಕದ ಇತಿಹಾಸದೊಂದಿಗೆ ನೇರ ಸಂಬಂಧ ಹೊಂದಿವೆ. 1779ರಲ್ಲಿ ಮದ್ರಾಸ್ ಗವರ್ನರನ ದೂತನಾಗಿ ಶ್ರೀರಂಗಪಟ್ಟಣಕ್ಕೆ ಬಂದು ಹೈದರಾಲಿಯನ್ನು ಕಂಡ ಪಾದ್ರಿ ಶ್ವಾರ್ಟ್ಸನ ಸ್ಮಾರಕವು ಕಿರಿಯ ಜಾನ್ ಬೇಕನ್ ಎಂಬ ಶಿಲ್ಪಿಯ ಕೃತಿ. ಶ್ವಾರ್ಟ್ಸನು 1798ರಲ್ಲಿ ತೀರಿಕೊಂಡದ್ದೂ ಸಮಾಧಿಯಾದದ್ದೂ ತಂಜಾವೂರಿನಲ್ಲಿ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು 1804ರಲ್ಲಿ ಮೃತನಾದ ಜೋಸಯಾ ವೆಬ್‌ನ ಸ್ಮಾರಕವನ್ನು ಕಂಡರಿಸಿದವನು ಪ್ರಸಿದ್ಧ ಶಿಲ್ಪಿ ಜಾನ್ ಫ್ಲ್ಯಾಕ್ಸ್‌ಮನ್. ಇದೇ ವೆಬ್‌ನ ನೆನಪಿಗೆ ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದ ಸಮೀಪ ಕಲ್ಲಿನ ಸ್ತಂಭವನ್ನು ನಿಲ್ಲಿಸಿದರು. ಒಬ್ಬನೇ ಅಧಿಕಾರಿಗೆ ಲಂಡನ್ನಿನ ಅಮೃತಶಿಲೆಯ ಸ್ಮಾರಕ ಚರ್ಚಿನೊಳಗೆ, ಮೈಸೂರಿನ ಕಲ್ಲುಕಂಬ ಬಯಲಿನಲ್ಲಿ ದೊರೆತಿರುವ ಈ ಜೋಡಿಯು ತೌಲನಿಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಕನ್ನಡ ಜಿಲ್ಲೆಯಲ್ಲಿಯೂ, ಬಳ್ಳಾರಿಯನ್ನು ಒಳಗೊಂಡಂತೆ ನಿಜಾಮನು ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿಯೂ ಕಂದಾಯ ವ್ಯವಸ್ಥೆಯನ್ನು ರೂಪಿಸಿದ ಥಾಮಸ್ ಮನ್ರೋ 1827ರ ಜುಲೈನಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಮೃತನಾದನು. ಮೊದಲು ಗುತ್ತಿಯಲ್ಲಿ ಹೂಳಲಾಗಿದ್ದ ಅವನ ಅವಶೇಷಗಳನ್ನು 1831ರಲ್ಲಿ ಸೇಂಟ್ ಮೇರಿಸ್‌ಗೆ ತರಲಾಯಿತು. ಹೀಗೆ ನೋಡಿದರೆ, ಕಲ್ಲುಗಳಿವೆ, ಕೆಳಗೆ ದೇಹವಿಲ್ಲ. ಸ್ಮಾರಕವಿದೆ, ಸಮಾಧಿ ಬೇರೆಡೆ ಇದೆ. ಸಮಾಧಿಯಿದೆ, ಅದು ಬೇರೆಡೆಯಿಂದ ಬಂದದ್ದು. ಈ ಚರ್ಚಿನಲ್ಲಿ ಸ್ಮರಣೆಯು ನೆಲಕ್ಕೆ ಅಂಟಿಕೊಂಡು ಬೆಳೆದದ್ದಲ್ಲ. ಆಡಳಿತವು ತನ್ನ ಅಗತ್ಯಕ್ಕೆ ತಕ್ಕಂತೆ ಅದನ್ನು ಒಂದೆಡೆ ಕಲೆಹಾಕಿತು.

ಮೂಲಸ್ಥಾನದಲ್ಲಿ ಉಳಿದದ್ದು

ಕಲ್ಲುಗಳನ್ನು ಸಾಗಿಸುವಾಗ ಹಳೆಯ ಸಮಾಧಿಭೂಮಿಯಲ್ಲಿ ಎರಡು ರಚನೆಗಳನ್ನು ಮಾತ್ರ ಬಿಡಲಾಗಿತ್ತು. ಒಂದು ಪೌನಿ ಕುಟುಂಬದ ಗೋರಿ. ಇನ್ನೊಂದು, 1680ರಲ್ಲಿ ಮೃತನಾದ ಜೋಸೆಫ್ ಹಿನ್ಮರ್ಸ್ ಹಾಗೂ 1688ರಲ್ಲಿ ಬಾಲ್ಯದಲ್ಲಿಯೇ ಮೃತನಾದ ಡೇವಿಡ್ ಯೇಲ್ ಇವರ ಮೇಲಿನ ಚೂಪಾದ ಸ್ತಂಭಾಕೃತಿಯ ಗೋರಿ. ಹಿನ್ಮರ್ಸನ ವಿಧವೆಯಾದ ಕ್ಯಾಥರೀನಳನ್ನು ಎಲಿಹು ಯೇಲನು 1680ರ ನವೆಂಬರ್ 4ರಂದು, ಪ್ರತಿಷ್ಠಾಪನೆಯಾಗಿ ವಾರವಷ್ಟೇ ಕಳೆದಿದ್ದ ಹೊಸ ಚರ್ಚಿನಲ್ಲಿ ಮದುವೆಯಾಗಿದ್ದನು. ಡೇವಿಡ್ ಅವರ ಮಗ. 1921ರಲ್ಲಿ ಸಂರಕ್ಷಿತ ಸ್ಮಾರಕವೆಂದು ಘೋಷಿತವಾದ ಈ ಗೋರಿಯನ್ನು ಆವರಣದಿಂದ ಬೇರೆಡೆಗೆ ಸಾಗಿಸಬೇಕೆಂದು 2023ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಆದೇಶಿಸಿತು. ವಾಹನ ನಿಲುಗಡೆ ಸೌಲಭ್ಯದ ಅಗತ್ಯ ಅದರ ಹಿನ್ನೆಲೆಯಾಗಿದ್ದು, ಗೋರಿಯ ಪುರಾತತ್ತ್ವ ಮೌಲ್ಯವೂ ಪ್ರಶ್ನೆಗೆ ಒಳಗಾಯಿತು.

ಈ ಸಂದರ್ಭದ ಚರ್ಚೆ ಬಹುಮಟ್ಟಿಗೆ ಯೇಲ್ ಎಂಬ ಹೆಸರಿನ ಸುತ್ತಲೇ ನಡೆಯಿತು. ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಹೆಸರು ಕೊಟ್ಟವನ ಮಗನ ಗೋರಿಯೆಂದು ಒಂದು ಪಕ್ಷ. ಗುಲಾಮರ ಸಾಗಣೆ ನಡೆಯುತ್ತಿದ್ದ ದಶಕದಲ್ಲಿ ಮದ್ರಾಸನ್ನು ಆಳಿದವನ ಕುಟುಂಬದ ಗೋರಿಗೆ ರಕ್ಷಣೆ ಏಕೆಂದು ಇನ್ನೊಂದು ಪಕ್ಷ. ಎರಡನೆಯ ಆಕ್ಷೇಪ ಹುರುಳಿಲ್ಲದ್ದಲ್ಲ. ಯೇಲ್ ವಿಶ್ವವಿದ್ಯಾಲಯವೇ ಗುಲಾಮಗಿರಿಯೊಂದಿಗಿನ ತನ್ನ ಸಂಬಂಧಗಳಿಗಾಗಿ 2024ರಲ್ಲಿ ಔಪಚಾರಿಕವಾಗಿ ಕ್ಷಮೆ ಕೋರಿತು. ಆದರೆ ಎರಡೂ ಪಕ್ಷಗಳು ಕಲ್ಲನ್ನು ಅಳೆದದ್ದು ವ್ಯಕ್ತಿಯ ಯೋಗ್ಯತೆಯಿಂದ. ಚರ್ಚಿನ ಇತಿಹಾಸಲೇಖನದಲ್ಲಿ ಶತಮಾನದಿಂದ ರೂಢಿಯಾಗಿರುವ ಹೆಸರಿನ ಮೋಹವೇ ಇಲ್ಲಿ ಬೇರೆ ವೇಷದಲ್ಲಿ ಕಾಣಿಸಿಕೊಂಡಿದೆ.

ಈ ಗೋರಿಯ ನಿಜವಾದ ಮೌಲ್ಯ ಇರುವುದು ಅದರ ಸ್ಥಾನದಲ್ಲಿ. ನೂರರಷ್ಟು ಕಲ್ಲುಗಳು ತಮ್ಮ ಮೂಲನೆಲೆಯನ್ನು ಕಳೆದುಕೊಂಡಿರುವಾಗ, 17ನೆಯ ಶತಮಾನದ ಸಮಾಧಿಭೂಮಿ ಎಲ್ಲಿತ್ತು, ಕೋಟೆಯಿಂದ ಎಷ್ಟು ದೂರದಲ್ಲಿತ್ತು, 1758ರ ಮುತ್ತಿಗೆಯಲ್ಲಿ ಅದು ಏಕೆ ಅಪಾಯಕಾರಿಯಾಯಿತು ಎಂಬುದಕ್ಕೆ ನೆಲದ ಮೇಲೆ ನಿಂತು ಸಾಕ್ಷಿ ಹೇಳಬಲ್ಲವು ಆ ಎರಡು ರಚನೆಗಳು ಮಾತ್ರ. ಅಂಗಳದಲ್ಲಿ ಹಾಸಿರುವ ಕಲ್ಲುಗಳಿಗೆ ಅರ್ಥ ಕೊಡುವುದೂ ಈ ಸಾಕ್ಷ್ಯವೇ. ಇದನ್ನು ಬೇರೆಡೆಗೆ ಸಾಗಿಸಿದರೆ ಗೋರಿ ಉಳಿದೀತು, ಶಾಸನವೂ ಉಳಿದೀತು. ಆದರೆ ಅದು ಹೇಳಬಲ್ಲ ಮುಖ್ಯ ಸಂಗತಿಯೇ ಅಳಿದುಹೋಗುತ್ತದೆ.

ಸಮಾರೋಪ

1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಸೇಂಟ್ ಮೇರಿಸ್ ಚರ್ಚು ಅದರಲ್ಲಿ ಸೇರಿತು. ‘ಆಂಗ್ಲಿಕನ್’ ಎಂಬ ವಿಶೇಷಣ ಅಂದಿನಿಂದ ಅದರ ಚರಿತ್ರೆಗೆ ಸಂಬಂಧಿಸಿದ್ದು. ಹೆಸರುಗಳ ಪಟ್ಟಿಯಿಂದ ಬಿಡಿಸಿ ನೋಡಿದಾಗ ಈ ಕಟ್ಟಡದ ಇತಿಹಾಸದಲ್ಲಿ ಮೂರು ಅಂಶಗಳು ಎದ್ದು ಕಾಣುತ್ತವೆ: ಭಯದ ಲೆಕ್ಕಾಚಾರದಿಂದ ನಿರ್ಧಾರವಾದ ರಚನೆ, ಸ್ಥಳೀಯ ಕಸುಬಿನಿಂದ ದೊರೆತ ಮೈಕಟ್ಟು, ಯುದ್ಧಗಳಿಂದ ಅತ್ತಿತ್ತ ಸರಿದ ಸ್ಮರಣೆಯ ಕಲ್ಲುಗಳು. ಕರ್ನಾಟಕದ ದಂಡುಪ್ರದೇಶಗಳ ಚರ್ಚುಗಳನ್ನು, ವಿಶೇಷವಾಗಿ 1808ರಲ್ಲಿ ಆರಂಭವಾದ ಬೆಂಗಳೂರಿನ ಸೇಂಟ್ ಮಾರ್ಕ್ಸ್‌ನಂತಹ ಕಟ್ಟಡಗಳನ್ನು ಅಧ್ಯಯನ ಮಾಡುವವರಿಗೂ ಈ ಕ್ರಮ ಉಪಯುಕ್ತವಾಗಬಲ್ಲದು. ಅಲ್ಲಿಯೂ ಯಾರು ಬಂದು ಪ್ರಾರ್ಥಿಸಿದರು ಎಂಬುದಕ್ಕಿಂತ ಮೊದಲು, ಕಟ್ಟಡ ಏಕೆ ಆ ಸ್ಥಳದಲ್ಲಿ ನಿಂತಿತು, ಯಾವ ಸಾಮಗ್ರಿಯಿಂದ ಯಾರ ಕೈಯಲ್ಲಿ ರೂಪುಗೊಂಡಿತು, ಅದರಲ್ಲಿನ ಕಲ್ಲುಗಳು ಮೂಲಸ್ಥಾನದಲ್ಲಿವೆಯೇ ಎಂಬ ಪ್ರಶ್ನೆಗಳು ಬರಬೇಕು. ಸಂರಕ್ಷಣೆಯ ನಿರ್ಧಾರಗಳು ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಆಧರಿಸಿದಾಗ ಮಾತ್ರ, ಹೆಸರಿನ ಮೇಲಿನ ಅಭಿಮಾನಕ್ಕಾಗಲಿ ಅಸಮಾಧಾನಕ್ಕಾಗಲಿ ಐತಿಹಾಸಿಕ ಸಾಕ್ಷ್ಯ ಬಲಿಯಾಗುವುದು ತಪ್ಪುತ್ತದೆ.